ಚೈನು, ಲಿಂಕ್, ಆಣೆಯ ಅಳತೆಯನ್ನು ಆಂಗ್‌ಸ್ಟ್ರಾಮ್‌ಗೆ ಪರಿವರ್ತಿಸುವ ಬಗೆ

ಕಂಪ್ಲಿಯಿಂದ ಗಂಗಾವತಿಗೆ ಹೊರಟವರು ತುಂಗಭದ್ರೆಯ ಸೇತುವೆ ದಾಟಿದ ಕೂಡಲೇ ಜಮೀನು ಅಳೆಯುವ ಲೆಕ್ಕ ಬದಲಾಗುತ್ತದೆ. ಕಂಪ್ಲಿ, ಸಿರುಗುಪ್ಪ, ಬಳ್ಳಾರಿಯ ಕಡೆಯ ರೈತರು ಎಕರೆ ಮತ್ತು ಸೆಂಟ್‌ಗಳಲ್ಲಿ ಮಾತನಾಡಿದರೆ, ಗಂಗಾವತಿ, ಸಿಂಧನೂರು, ರಾಯಚೂರಿನ ಕಡೆಯವರು ಎಕರೆ ಮತ್ತು ಗುಂಟೆಗಳಲ್ಲಿ ಮಾತನಾಡುತ್ತಾರೆ. ಬಳ್ಳಾರಿ ಸೀಮೆ 1800ರಿಂದ ಮದ್ರಾಸಿನ ಆಡಳಿತದಲ್ಲಿದ್ದು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ರಾಯಚೂರು, ಮತ್ತು 1997ರವರೆಗೆ ಅದೇ ಜಿಲ್ಲೆಯ ಭಾಗವಾಗಿದ್ದ ಕೊಪ್ಪಳ, ಹೈದರಾಬಾದ್ ರಾಜ್ಯದಿಂದ 1956ರ ನವೆಂಬರ್ 1ರಂದು ಬಂದವು. ಆಡಳಿತ ಒಂದಾಗಿ ಎಷ್ಟೋ ವರ್ಷಗಳಾದರೂ ಹಳೆಯ ಮೋಜಣಿ ಕಾಗದಗಳಲ್ಲಿ ಎರಡು ಬಗೆಯ ಚೈನುಗಳು ಹಾಗೆಯೇ ಉಳಿದಿವೆ. ಆ ಎರಡೂ ಚೈನುಗಳ ಅಳತೆಯನ್ನು ಪರಮಾಣುಗಳನ್ನು ಅಳೆಯುವ ಮಾನಗಳಿಗೆ ತರುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ನಾನು ಪದವಿಪೂರ್ವ ತರಗತಿಗಳಿಗೆ ಭೌತಶಾಸ್ತ್ರ ಹೇಳಿಕೊಡುವವನು. ಮಾನಗಳ ಪಾಠ ನಡೆದಿದ್ದ ಒಂದು ದಿನ ಹೊಳೆಯಾಚೆಯ ಹಳ್ಳಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ನಮ್ಮ ಹೊಲದ ಬದುವಿನ ಉದ್ದಕ್ಕ ಎಷ್ಟು ಪರಮಾಣು ಕೂಡ್ತಾವ್ರಿ?" ಎಂದು ಕೇಳಿದಳು. ಮರುದಿನ ಅವಳು ಮನೆಯಲ್ಲಿದ್ದ ಟಿಪ್ಪಣಿಯ (ಮೋಜಣಿಯವರು ಹೊಲದ ಅಳತೆ ಬರೆದಿಟ್ಟ ಹಾಳೆಯ) ನಕಲನ್ನೂ, ಅವಳ ಪಕ್ಕದಲ್ಲಿ ಕೂರುವ ಸಿರುಗುಪ್ಪದ ಕಡೆಯ ಗೆಳತಿ ತಮ್ಮ ಹೊಲದ ನಕಾಶೆಯ ನಕಲನ್ನೂ ತಂದರು. ಆ ಎರಡು ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಮಾಡಿದ ಲೆಕ್ಕವೇ ಈ ಬರಹದ ಆಧಾರ.

ಮೊದಲು ಚೈನುಗಳ ಪರಿಚಯ ಮಾಡಿಕೊಳ್ಳಬೇಕು. ಬಳ್ಳಾರಿಯ ಕಡೆಯದು ಗುಂಟರ್ ಚೈನು. ಇಂಗ್ಲೆಂಡಿನ ಎಡ್ಮಂಡ್ ಗುಂಟರ್ 1620ರಲ್ಲಿ ಬಳಕೆಗೆ ತಂದ ಈ ಸರಪಳಿಯ ಉದ್ದ 66 ಅಡಿ. ಅದರಲ್ಲಿ 100 ಲಿಂಕ್‌ಗಳಿರುತ್ತವೆ, ಹತ್ತು ಹತ್ತು ಲಿಂಕ್‌ಗಳಿಗೊಂದು ಹಿತ್ತಾಳೆಯ ಬಿಲ್ಲೆ ತೂಗುತ್ತಿರುತ್ತದೆ, ಎರಡು ತುದಿಯ ಹಿಡಿಕೆಗಳೂ ಆ 66 ಅಡಿಯಲ್ಲಿಯೇ ಸೇರಿರುತ್ತವೆ. ಹತ್ತು ಚದರ ಚೈನುಗಳಾದರೆ ಸರಿಯಾಗಿ ಒಂದು ಎಕರೆಯಾಗುತ್ತದೆ, ಸಾವಿರ ಚದರ ಲಿಂಕ್‌ಗಳಾದರೆ ಒಂದು ಸೆಂಟ್ ಆಗುತ್ತದೆ. ದಶಮಾನ ಪದ್ಧತಿ ಬರುವುದಕ್ಕೆ ಬಹಳ ಮೊದಲೇ ಇಷ್ಟು ಅಚ್ಚುಕಟ್ಟಾದ ಅಳತೆಯೊಂದನ್ನು ರೂಪಿಸಿದ್ದು ನನ್ನ ಮಟ್ಟಿಗೆ ದೊಡ್ಡ ಬುದ್ಧಿವಂತಿಕೆಯ ಕೆಲಸ. ಹೊಳೆಯಾಚೆಯ ಚೈನಿನ ಉದ್ದ ಅದರ ಅರ್ಧ, ಅಂದರೆ 33 ಅಡಿ. ಅದನ್ನು ಹಳೆಯ ಕಾಲದ ರೂಪಾಯಿಯ ಹಾಗೆ ಹದಿನಾರು ಆಣೆಗಳಾಗಿ ವಿಂಗಡಿಸಿದ್ದಾರೆ. ಉದ್ದ ಒಂದು ಚೈನು, ಅಗಲ ಒಂದು ಚೈನು ಇರುವ ಜಾಗವೇ ಒಂದು ಗುಂಟೆ. ನಲವತ್ತು ಗುಂಟೆ ಒಂದು ಎಕರೆ.

ಅಡಿಯ ಉದ್ದ 1959ರ ಅಂತರರಾಷ್ಟ್ರೀಯ ಒಪ್ಪಂದದಂತೆ ಸರಿಯಾಗಿ 304.8 ಮಿಲಿಮೀಟರ್. ಈ ಒಂದು ಸಂಖ್ಯೆ ಕೈಯಲ್ಲಿದ್ದರೆ ಉಳಿದವೆಲ್ಲ ಗುಣಾಕಾರದಿಂದ ಬರುತ್ತವೆ. ಗುಂಟರ್ ಚೈನು 20,116.8 ಮಿಲಿಮೀಟರ್, ಅದರ ಒಂದು ಲಿಂಕ್ 201.168 ಮಿಲಿಮೀಟರ್; 33 ಅಡಿಯ ಚೈನು 10,058.4 ಮಿಲಿಮೀಟರ್, ಅದರ ಒಂದು ಆಣೆ 628.65 ಮಿಲಿಮೀಟರ್. ಇವು ಯಾವುವೂ ಅಂದಾಜಿನ ಸಂಖ್ಯೆಗಳಲ್ಲ, ಅಡಿಯ ಆ ಬೆಲೆಯಿಂದ ಪೂರ್ತಿಯಾಗಿ ಹೊರಟವು. ಆದ್ದರಿಂದ ನೋಟ್ ಪುಸ್ತಕದ ಮೊದಲ ಪುಟದಲ್ಲಿಯೇ ಇವನ್ನು ಬರೆದಿಟ್ಟುಕೊಳ್ಳಬಹುದು.

ಇನ್ನು ಪರಮಾಣುವಿನ ಕಡೆಗೆ ಬರೋಣ. ಸ್ವೀಡನ್ನಿನ ಆಂಡರ್ಸ್ ಯೋನಾಸ್ ಆಂಗ್‌ಸ್ಟ್ರಾಮ್ 1868ರಲ್ಲಿ ಸೂರ್ಯನ ಬೆಳಕಿನ ರೋಹಿತದ ಗೆರೆಗಳನ್ನು ಪಟ್ಟಿ ಮಾಡಿ ಪ್ರಕಟಿಸಿದಾಗ ಅಲೆಗಳ ಉದ್ದವನ್ನು ಮೀಟರಿನ ಸಾವಿರ ಕೋಟಿಯ ಒಂದು ಭಾಗದಲ್ಲಿ, ಅಂದರೆ 10⁻¹⁰ ಮೀಟರಿನಲ್ಲಿ, ಹೇಳಿದರು. ಮುಂದೆ ಆ ಅಳತೆಗೆ ಅವರ ಹೆಸರೇ ನಿಂತಿತು. ಜಲಜನಕದ ಪರಮಾಣುವಿನ ಅಡ್ಡಳತೆ ಹೆಚ್ಚುಕಡಿಮೆ ಒಂದು ಆಂಗ್‌ಸ್ಟ್ರಾಮ್ ಆದ್ದರಿಂದ ಪರಮಾಣುಗಳ ಮಾತಿಗೆ ಈ ಮಾನ ಬಹಳ ಹೊಂದುತ್ತದೆ. ಒಂದು ಮೀಟರಿಗೆ ಸಾವಿರ ಕೋಟಿ ಆಂಗ್‌ಸ್ಟ್ರಾಮ್ ಆದರೆ, ಮೀಟರಿನ ಸಾವಿರದ ಒಂದು ಭಾಗವಾದ ಮಿಲಿಮೀಟರಿಗೆ ಎಷ್ಟು? ಸರಿಯಾಗಿ ಒಂದು ಕೋಟಿ.

ಇಡೀ ಪರಿವರ್ತನೆಯ ಕೀಲಿಕೈ ಇದೇ. ನಮ್ಮ ಎಣಿಕೆಯಲ್ಲಿ ಕೋಟಿ ಎಂಬ ಮಾತು ಇರುವುದರಿಂದ, ಭೂಮಿಯ ಅಳತೆಯನ್ನು ಮಿಲಿಮೀಟರಿಗೆ ತಂದು, ಮಿಲಿಮೀಟರ್ ಎಂದು ಇರುವ ಕಡೆ ಕೋಟಿ ಆಂಗ್‌ಸ್ಟ್ರಾಮ್ ಎಂದು ಓದಿದರೆ ಲೆಕ್ಕ ಮುಗಿಯಿತು. ಒಂದು ಲಿಂಕ್ 201.168 ಕೋಟಿ ಆಂಗ್‌ಸ್ಟ್ರಾಮ್, ಒಂದು ಆಣೆ 628.65 ಕೋಟಿ, ಒಂದು ಅಡಿ 304.8 ಕೋಟಿ, ಒಂದು ಇಂಚು 25.4 ಕೋಟಿ. ಮಿಲಿಯನ್, ಬಿಲಿಯನ್ ಎಂದು ಎಣಿಸುವವರಿಗೆ ಈ ಅನುಕೂಲವಿಲ್ಲ. ಕನ್ನಡದಲ್ಲಿ ಕಲಿಯುವ ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಿಕೊಡಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಸೊನ್ನೆಗಳನ್ನು ಎಣಿಸುತ್ತ ಬೆವರುವ ಮಕ್ಕಳು ಈ ಮಾತು ತಿಳಿದ ಮೇಲೆ ಬಾಯಿಲೆಕ್ಕದಲ್ಲಿಯೇ ಉತ್ತರ ಹೇಳುವುದನ್ನು ನಾನು ಪ್ರತಿ ವರ್ಷ ನೋಡುತ್ತಿದ್ದೇನೆ.

ಈಗ ಆ ಎರಡು ಕಾಗದಗಳ ಲೆಕ್ಕ ಮಾಡೋಣ. ಸಿರುಗುಪ್ಪದ ಕಡೆಯ ಹೊಲದ ಒಂದು ಬದು 3 ಚೈನು 42 ಲಿಂಕ್ ಇತ್ತು. ಚೈನು ಮತ್ತು ಲಿಂಕ್‌ಗಳನ್ನು ಬೇರೆ ಬೇರೆಯಾಗಿ ಪರಿವರ್ತಿಸಿ ಕೂಡಿಸುವ ಬದಲು ಎಲ್ಲವನ್ನೂ ಚಿಕ್ಕ ಮಾನಕ್ಕೆ ಇಳಿಸಿಕೊಳ್ಳುವುದು ಸುಲಭ: ಮೂರು ನೂರು ಮತ್ತು 42 ಸೇರಿ 342 ಲಿಂಕ್. ಅದನ್ನು 201.168ರಿಂದ ಗುಣಿಸಿದರೆ 68,799.456 ಮಿಲಿಮೀಟರ್, ಅಂದರೆ ಅಷ್ಟೇ ಕೋಟಿ ಆಂಗ್‌ಸ್ಟ್ರಾಮ್. ಗಂಗಾವತಿಯ ಕಡೆಯ ಟಿಪ್ಪಣಿಯಲ್ಲಿ ಬದುವಿನ ಉದ್ದ 6 ಚೈನು 13 ಆಣೆ ಇತ್ತು. ಆರನ್ನು ಹದಿನಾರರಿಂದ ಗುಣಿಸಿ 13 ಕೂಡಿಸಿದರೆ 109 ಆಣೆ, ಅದನ್ನು 628.65ರಿಂದ ಗುಣಿಸಿದರೆ 68,522.85 ಮಿಲಿಮೀಟರ್. ಒಂದು ಕಾಗದದಲ್ಲಿ ಮೂರು ಚೈನು, ಇನ್ನೊಂದರಲ್ಲಿ ಆರು ಚೈನು ಎಂದಿದ್ದರೂ ಎರಡು ಬದುಗಳ ನಡುವಿನ ವ್ಯತ್ಯಾಸ ಒಂದು ಮಾರಿನಷ್ಟೂ ಇಲ್ಲ.

ಇಲ್ಲಿಯೇ ಒಂದು ಎಚ್ಚರ ಬೇಕು. ಹಳೆಯ ನಕಲುಗಳಲ್ಲಿ ಯಾವ ಚೈನು ಎಂಬುದನ್ನು ಎಷ್ಟೋ ಸಲ ಬರೆದಿರುವುದಿಲ್ಲ. ಹಾಗೆ ಬರೆಯದ ಒಂದು ಕಾಗದವನ್ನು ನಾನೇ ಒಮ್ಮೆ 66 ಅಡಿಯ ಚೈನು ಎಂದು ತಿಳಿದು ಲೆಕ್ಕ ಮಾಡಿದ್ದೆ. ಉದ್ದವೆಲ್ಲ ಎರಡರಷ್ಟಾಗಿ, ವಿಸ್ತೀರ್ಣ ನಾಲ್ಕರಷ್ಟಾಗಿ ಬಂತು, ಪಹಣಿಯೊಂದಿಗೆ ತಾಳೆ ನೋಡಿದ ಮೇಲೆಯೇ ತಪ್ಪು ತಿಳಿಯಿತು. ಅಂದಿನಿಂದ ಎರಡು ಗುರುತುಗಳನ್ನು ನೋಡದೆ ನಾನು ಮುಂದುವರಿಯುವುದಿಲ್ಲ. ಚೈನಿನ ಮುಂದಿನ ಅಂಕಿ ಎಲ್ಲಿಯಾದರೂ 16 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಅದು ಆಣೆಯಾಗಿರಲಾರದು, ಲಿಂಕ್ ಆಗಿರಬೇಕು. ಹಾಗೆಯೇ ಪಹಣಿಯಲ್ಲಿ ಎಕರೆಯ ಮುಂದಿನ ಅಂಕಿ 39ನ್ನು ಮೀರಿದ್ದರೆ ಅದು ಗುಂಟೆಯಲ್ಲ, ಸೆಂಟ್. ಎರಡೂ ಅಂಕಿಗಳು ಚಿಕ್ಕವಾಗಿದ್ದರೆ ಉದ್ದ-ಅಗಲಗಳಿಂದ ವಿಸ್ತೀರ್ಣ ತೆಗೆದು ಪಹಣಿಯೊಂದಿಗೆ ಹೋಲಿಸುವುದೊಂದೇ ದಾರಿ.

ಮೇಲಿನ ಉತ್ತರಗಳನ್ನು ಹಾಗೆಯೇ ಬರೆದುಕೊಳ್ಳುವುದು ಸರಿಯಲ್ಲ. 68,799.456 ಕೋಟಿ ಎಂದು ಬರೆದರೆ ಕೋಟಿಯ ಸಾವಿರದ ಒಂದು ಭಾಗವನ್ನೂ ಅಳೆದಿದ್ದೇವೆ ಎಂದಾಗುತ್ತದೆ. ಕೋಟಿಯ ಸಾವಿರದ ಒಂದು ಭಾಗವೆಂದರೆ ಹತ್ತು ಸಾವಿರ ಆಂಗ್‌ಸ್ಟ್ರಾಮ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಎರೆಹೊಲದ ಹೆಂಟೆಗಳ ಮೇಲೆ ಎಳೆದ ಚೈನು ಅಷ್ಟು ಸೂಕ್ಷ್ಮವನ್ನು ಕಂಡಿರಲು ಸಾಧ್ಯವೇ ಇಲ್ಲ. ಅಳೆದವರು ಹತ್ತಿರದ ಲಿಂಕ್‌ಗೆ ಓದಿದ್ದರೆ 342 ಎಂಬುದು 341.5 ಮತ್ತು 342.5ರ ನಡುವೆ ಎಲ್ಲಿಯಾದರೂ ಇರಬಹುದು. ಅತ್ತ ಅರ್ಧ ಲಿಂಕ್, ಇತ್ತ ಅರ್ಧ ಲಿಂಕ್ ಎಂದರೆ ಒಂದೊಂದು ಕಡೆಗೆ ಸುಮಾರು ನೂರು ಕೋಟಿ ಆಂಗ್‌ಸ್ಟ್ರಾಮ್. ಆದ್ದರಿಂದ ನಂಬಬಹುದಾದ ಅಂಕಿಗಳು ಮೂರೇ, ಅವನ್ನೇ ಸಾರ್ಥಕ ಅಂಕಿಗಳು ಎನ್ನುತ್ತೇವೆ: ಸಿರುಗುಪ್ಪದ ಬದು 68,800 ಕೋಟಿ, ಅಂದರೆ 6.88 × 10¹¹ ಆಂಗ್‌ಸ್ಟ್ರಾಮ್. ಗಂಗಾವತಿಯ ಬದು 68,500 ಕೋಟಿ, ಅಂದರೆ 6.85 × 10¹¹ ಆಂಗ್‌ಸ್ಟ್ರಾಮ್. ಪರಿವರ್ತನೆಯ ಸಂಖ್ಯೆ ಎಷ್ಟೇ ನಿಖರವಾಗಿದ್ದರೂ ಅಳತೆಯಲ್ಲಿ ಇಲ್ಲದ ನಿಖರತೆಯನ್ನು ಅದು ತಂದುಕೊಡುವುದಿಲ್ಲ. ಪುಟ್ಟ ಮಾನಕ್ಕೆ ಹೋದಷ್ಟೂ ಅಂಕಿಗಳ ಸಾಲು ಉದ್ದವಾಗುವುದರಿಂದ ಈ ತಪ್ಪು ಇಲ್ಲಿ ಬೇರೆಲ್ಲ ಕಡೆಗಿಂತ ಸುಲಭವಾಗಿ ನುಸುಳುತ್ತದೆ.

ಬಿಸಿಲಿನ ಲೆಕ್ಕವನ್ನೂ ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ಹನ್ನೆರಡು ಭಾಗದಷ್ಟು ಹಿಗ್ಗುತ್ತದೆ. ಗುಂಟರ್ ಚೈನಿಗೆ ಅದು ಡಿಗ್ರಿಗೆ 0.24 ಮಿಲಿಮೀಟರ್, ಅಂದರೆ 24 ಲಕ್ಷ ಆಂಗ್‌ಸ್ಟ್ರಾಮ್. ರಾಯಚೂರಿನ ಮೇ ತಿಂಗಳಿನಲ್ಲಿ ಬೆಳಗಿನ ತಂಪಿನಲ್ಲಿ ಹೊಲಕ್ಕೆ ಒಯ್ದ ಚೈನು ಮಧ್ಯಾಹ್ನದ ಹೊತ್ತಿಗೆ ಹದಿನೈದು ಡಿಗ್ರಿ ಹೆಚ್ಚು ಕಾದಿದ್ದರೆ ಅದು 3.6 ಮಿಲಿಮೀಟರ್ ಉದ್ದವಾಗಿರುತ್ತದೆ: 3.6 ಕೋಟಿ ಆಂಗ್‌ಸ್ಟ್ರಾಮ್. ಹೊಲದ ಅಳತೆಗೆ ಇದು ಲೆಕ್ಕಕ್ಕೆ ಬರುವಂಥದ್ದಲ್ಲ. ಅದಕ್ಕಿಂತ ಬಳಕೆಯಿಂದ ಉಂಗುರಗಳು ಸವೆದು ಚೈನು ಉದ್ದವಾಗುವುದೇ ಹೆಚ್ಚು. ಒಂದೊಂದು ಲಿಂಕ್‌ಗೆ ಬರಿಯ 0.1 ಮಿಲಿಮೀಟರ್ ಹೆಚ್ಚಾದರೂ ನೂರು ಲಿಂಕ್‌ಗಳಿಗೆ ಒಂದು ಸೆಂಟಿಮೀಟರ್, ಅಂದರೆ ಹತ್ತು ಕೋಟಿ ಆಂಗ್‌ಸ್ಟ್ರಾಮ್ ಸೇರುತ್ತದೆ.

ಅಡಿಯ ವಿಷಯದಲ್ಲಿಯೂ ಇಂಥದೇ ಒಂದು ಕಥೆಯಿದೆ. ಅಮೆರಿಕದ ಭೂಮಾಪನದಲ್ಲಿ 2022ರ ಕೊನೆಯವರೆಗೆ ಬಳಕೆಯಲ್ಲಿದ್ದ ಸರ್ವೆ ಅಡಿ 1200/3937 ಮೀಟರ್ ಇತ್ತು. ಅದು ಅಂತರರಾಷ್ಟ್ರೀಯ ಅಡಿಗಿಂತ ಹತ್ತು ಲಕ್ಷದಲ್ಲಿ ಎರಡು ಭಾಗದಷ್ಟು ದೊಡ್ಡದು. ಒಂದು ಚೈನಿಗೆ ಈ ವ್ಯತ್ಯಾಸ 0.04 ಮಿಲಿಮೀಟರ್, ಕಣ್ಣಿಗೆ ಕಾಣದಷ್ಟು ಕಡಿಮೆ. ಆಂಗ್‌ಸ್ಟ್ರಾಮ್‌ನಲ್ಲಿ ಹೇಳಿದರೆ ಅದೇ ನಾಲ್ಕು ಲಕ್ಷವಾಗುತ್ತದೆ. ಆದ್ದರಿಂದ ಇಂಟರ್ನೆಟ್ಟಿನಲ್ಲಿ ಸಿಗುವ ಎರಡು ಪರಿವರ್ತನಾ ಸಾಧನಗಳು ಒಂದೇ ಚೈನಿಗೆ ಏಳನೆಯ ಅಂಕಿಯಲ್ಲಿ ಬೇರೆ ಬೇರೆ ಉತ್ತರ ಕೊಟ್ಟರೆ ಗಾಬರಿಯಾಗಬೇಕಿಲ್ಲ, ಅವು ಯಾವ ಅಡಿಯನ್ನು ಹಿಡಿದಿವೆ ಎಂದು ನೋಡಿದರೆ ಸಾಕು.

ಆಂಗ್‌ಸ್ಟ್ರಾಮ್ ಸಿಕ್ಕಿದ ಮೇಲೆ ಬೇರೆ ಮಾನಗಳಿಗೆ ಹೋಗುವುದು ಸಣ್ಣ ಕೆಲಸ. ಒಂದು ಆಂಗ್‌ಸ್ಟ್ರಾಮ್ ಎಂದರೆ 0.1 ನ್ಯಾನೊಮೀಟರ್, 100 ಪಿಕೊಮೀಟರ್, ಒಂದು ಲಕ್ಷ ಫೆಮ್ಟೊಮೀಟರ್. ಹೊಸ ಪಠ್ಯಪುಸ್ತಕಗಳು ನ್ಯಾನೊಮೀಟರನ್ನೇ ಹೆಚ್ಚಾಗಿ ಬಳಸುವುದರಿಂದ ಕೊನೆಯ ಉತ್ತರವನ್ನು ಹತ್ತರಿಂದ ಭಾಗಿಸಿ ಅದರಲ್ಲಿಯೂ ಬರೆದಿಡುವುದು ಒಳ್ಳೆಯದು: ನಮ್ಮ ಮೊದಲ ಬದು 6.88 × 10¹⁰ ನ್ಯಾನೊಮೀಟರ್. ಪರಮಾಣು ಭೌತಶಾಸ್ತ್ರದವರು ಜಲಜನಕದ ಪರಮಾಣುವಿನ ತ್ರಿಜ್ಯವನ್ನೇ ಮಾನವಾಗಿ ಹಿಡಿದ ಬೋರ್ ತ್ರಿಜ್ಯಕ್ಕೆ ತರಬೇಕಾದರೆ ಆಂಗ್‌ಸ್ಟ್ರಾಮ್‌ಗಳನ್ನು 0.529177ರಿಂದ ಭಾಗಿಸಬೇಕು.

ವಿಸ್ತೀರ್ಣಕ್ಕೆ ಬಂದಾಗ ಬಹಳ ಜನ ಎಡವುತ್ತಾರೆ. "ಒಂದು ಸೆಂಟ್‌ಗೆ ಎಷ್ಟು ಆಂಗ್‌ಸ್ಟ್ರಾಮ್?" ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ, ಏಕೆಂದರೆ ಸೆಂಟ್ ಮತ್ತು ಗುಂಟೆಗಳು ಜಾಗದ ಅಳತೆಗಳು, ಆಂಗ್‌ಸ್ಟ್ರಾಮ್ ಉದ್ದದ ಅಳತೆ. ಕೇಳಬೇಕಾದದ್ದು ಚದರ ಆಂಗ್‌ಸ್ಟ್ರಾಮ್ ಎಷ್ಟು ಎಂದು. ಒಂದು ಚದರ ಮಿಲಿಮೀಟರ್ ಎಂದರೆ ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟು, ಅಂದರೆ 10¹⁴ ಚದರ ಆಂಗ್‌ಸ್ಟ್ರಾಮ್. ಒಂದೇ ಕೋಟಿಯಿಂದ ಗುಣಿಸಿ ಬಿಟ್ಟರೆ ಉತ್ತರ ಕೋಟಿ ಪಟ್ಟು ಕಡಿಮೆಯಾಗುತ್ತದೆ. 10,058.4ರ ವರ್ಗ ಸುಮಾರು 10.117 ಕೋಟಿ ಆದ್ದರಿಂದ ಒಂದು ಗುಂಟೆ 1.0117 × 10²² ಚದರ ಆಂಗ್‌ಸ್ಟ್ರಾಮ್, ಒಂದು ಸೆಂಟ್ ಅದರ ಐದರಲ್ಲಿ ಎರಡು ಭಾಗ, 4.0469 × 10²¹. ಆಣೆಯ ವಿಷಯದಲ್ಲಿ ಇನ್ನೂ ಹೆಚ್ಚು ಜಾಗ್ರತೆ ಬೇಕು. ಚೈನಿನ ಹದಿನಾರನೆಯ ಒಂದು ಭಾಗಕ್ಕೂ ಆಣೆ ಎನ್ನುತ್ತಾರೆ, ಗುಂಟೆಯ ಹದಿನಾರನೆಯ ಒಂದು ಭಾಗಕ್ಕೂ ಆಣೆ ಎನ್ನುತ್ತಾರೆ; ಮೊದಲನೆಯದು 2.0625 ಅಡಿ ಉದ್ದ, ಎರಡನೆಯದು 68.0625 ಚದರ ಅಡಿ ಜಾಗ. ಒಂದು ಚೈನು ಉದ್ದ, ಒಂದು ಆಣೆ ಅಗಲ ಇರುವ ಪಟ್ಟಿಯೇ ಜಾಗದ ಒಂದು ಆಣೆ ಎಂದು ಚಿತ್ರ ಬರೆದು ತೋರಿಸಿದರೆ ಮಕ್ಕಳಿಗೆ ಗೊಂದಲ ಉಳಿಯುವುದಿಲ್ಲ.

ಪರಮಾಣುವಿನ ನ್ಯೂಕ್ಲಿಯಸ್‌ಗಳ ಜಾಗವನ್ನು ಅಳೆಯುವ ಮಾನಕ್ಕೆ ಬಾರ್ನ್ ಎಂದು ಹೆಸರು. ಬಾರ್ನ್ ಎಂದರೆ ರೈತರು ಧಾನ್ಯ, ಮೇವು ಒಟ್ಟುವ ಕೊಟ್ಟಿಗೆ. ಕಣವೊಂದು ತಾಗುವುದಕ್ಕೆ ಯುರೇನಿಯಂನಂಥ ಭಾರವಾದ ನ್ಯೂಕ್ಲಿಯಸ್ ಕೊಟ್ಟಿಗೆಯಷ್ಟು ದೊಡ್ಡ ಗುರಿ ಎಂಬ ಅರ್ಥದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 1942ರಲ್ಲಿ ಈ ಹೆಸರಿಟ್ಟರು. ಒಂದು ಚದರ ಆಂಗ್‌ಸ್ಟ್ರಾಮ್‌ಗೆ ಹತ್ತು ಕೋಟಿ ಬಾರ್ನ್; ಆದ್ದರಿಂದ ಒಂದು ಗುಂಟೆ 1.0117 × 10³⁰ ಬಾರ್ನ್.

ಕ್ಯಾಲ್ಕುಲೇಟರ್ ಬಳಸುವವರು ಒಂದು ಗುಂಡಿಯನ್ನು ಸರಿಯಾಗಿ ತಿಳಿದುಕೊಳ್ಳಬೇಕು. 10¹⁰ ಎಂದು ಒತ್ತಲು 1, ಆಮೇಲೆ ಎಕ್ಸ್‌ಪಿ (EXP) ಗುಂಡಿ, ಆಮೇಲೆ 10 ಒತ್ತಬೇಕು. 10, ಎಕ್ಸ್‌ಪಿ, 10 ಎಂದು ಒತ್ತಿದರೆ ಅದು 10¹¹ ಆಗಿ ಉತ್ತರ ಹತ್ತರಷ್ಟಾಗುತ್ತದೆ. ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವವರಲ್ಲಿ ಹಲವರು ಎಡವುವುದು ಇಲ್ಲಿಯೇ. ಉತ್ತರ ಬಂದ ಮೇಲೆ ಬಾಯಿಲೆಕ್ಕದಿಂದ ತಾಳೆ ನೋಡುವುದಕ್ಕೆ ಲಿಂಕ್ ಎಂದರೆ 200 ಕೋಟಿ, ಗುಂಟರ್ ಚೈನು 20,000 ಕೋಟಿ, 33 ಅಡಿಯ ಚೈನು 10,000 ಕೋಟಿ ಎಂದು ಹಿಡಿದರೆ ಸಾಕು. ಈ ಅಂದಾಜಿನ ತಪ್ಪು ನೂರಕ್ಕೆ ಒಂದು ಭಾಗವನ್ನೂ ಮುಟ್ಟುವುದಿಲ್ಲ.

ಹಿಂದಿರುಗಿ ಬರುವುದು ಇದೇ ದಾರಿಯಲ್ಲಿ. ಆಂಗ್‌ಸ್ಟ್ರಾಮ್‌ಗಳನ್ನು ಕೋಟಿಯಿಂದ ಭಾಗಿಸಿದರೆ ಮಿಲಿಮೀಟರ್, ಅದನ್ನು 201.168ರಿಂದ ಭಾಗಿಸಿದರೆ ಲಿಂಕ್, 628.65ರಿಂದ ಭಾಗಿಸಿದರೆ ಆಣೆ. 1960ರಿಂದ 1983ರವರೆಗೆ ಮೀಟರಿನ ಉದ್ದವನ್ನೇ ಕ್ರಿಪ್ಟಾನ್-86 ಪರಮಾಣು ಸೂಸುವ ಕಿತ್ತಳೆಗೆಂಪು ಬೆಳಕಿನ 16,50,763.73 ಅಲೆಗಳು ಎಂದು ನಿಗದಿ ಮಾಡಿದ್ದರು. ಆ ಒಂದು ಅಲೆಯ ಉದ್ದ 6057.8 ಆಂಗ್‌ಸ್ಟ್ರಾಮ್, ಅಂದರೆ 0.00060578 ಮಿಲಿಮೀಟರ್, ಅಂದರೆ 3.0113 × 10⁻⁶ ಲಿಂಕ್. ಅದನ್ನು ತಿರುಗಿಸಿ ಹೇಳಿದರೆ ಗುಂಟರ್ ಚೈನಿನ ಒಂದೊಂದು ಲಿಂಕ್‌ನಲ್ಲಿಯೂ ಆ ಬೆಳಕಿನ ಸುಮಾರು 3,32,081 ಅಲೆಗಳು ಹಿಡಿಸುತ್ತವೆ. ಬೋರ್ ತ್ರಿಜ್ಯ ಇನ್ನೂ ಚಿಕ್ಕದು: 2.6305 × 10⁻¹⁰ ಲಿಂಕ್, ಅಥವಾ 8.4177 × 10⁻¹¹ ಆಣೆ.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಯಾವ ಪರಮಾಣು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು, ಏಕೆಂದರೆ ಒಂದೊಂದು ಲೋಹದಲ್ಲಿಯೂ ಪರಮಾಣುಗಳ ನಡುವಿನ ಅಂತರ ಬೇರೆ. ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ, ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಆದ್ದರಿಂದ ಹೊಳೆಯ ಈ ದಂಡೆಗೆ ಕಬ್ಬಿಣವನ್ನೂ ಆ ದಂಡೆಗೆ ಚಿನ್ನವನ್ನೂ ಆರಿಸಿಕೊಂಡೆವು. ಕಬ್ಬಿಣದಲ್ಲಿ ಪಕ್ಕಪಕ್ಕದ ಪರಮಾಣುಗಳ ನಡುಗಳ ಅಂತರ 2.48 ಆಂಗ್‌ಸ್ಟ್ರಾಮ್, ಸಿರುಗುಪ್ಪದ ಬದುವಿನ ಉದ್ದವನ್ನು ಅದರಿಂದ ಭಾಗಿಸಿದರೆ 27,700 ಕೋಟಿ ಪರಮಾಣುಗಳು ಒಂದೇ ಸಾಲಿನಲ್ಲಿ ಕೂರುತ್ತವೆ. ಚಿನ್ನದಲ್ಲಿ ಆ ಅಂತರ 2.88 ಆಂಗ್‌ಸ್ಟ್ರಾಮ್, ಗಂಗಾವತಿಯ ಬದುವಿಗೆ 23,800 ಕೋಟಿ ಸಾಕು. ಹುಡುಗಿ ಆ ಎರಡೂ ಸಂಖ್ಯೆಗಳನ್ನು ತನ್ನ ಟಿಪ್ಪಣಿಯ ನಕಲಿನ ಹಿಂಬದಿಯಲ್ಲಿ ಬರೆದುಕೊಂಡು, ಪಕ್ಕದಲ್ಲಿ "33 ಅಡಿ ಚೈನು, 16 ಆಣೆ" ಎಂದು ಸೇರಿಸಿ ಅಡಿಗೆರೆ ಎಳೆದಳು.